ಬೌದ್ಧಭಿಕ್ಷುಗಳೂ ಪರದೇಶೀಯರೂ: ಕನ್ನಡನಾಡಿನ ನೆಲೆಯಿಂದ ಪರಸ್ಪರ ಅಪಾರ್ಥಗಳ ಇತಿಹಾಸ

ಬೌದ್ಧಸಂಘದ ಭಿಕ್ಷುಗಳಿಗೂ ಅನ್ಯದೇಶಗಳಿಂದ ಬಂದವರಿಗೂ ನಡುವೆ ಭಾಷಾಭೇದದಿಂದಲೂ ಆಚಾರಭೇದದಿಂದಲೂ ಕಾಲಕಾಲಕ್ಕೆ ತಲೆದೋರಿದ ತಪ್ಪುತಿಳಿವಳಿಕೆಗಳು ಏಷ್ಯಾಖಂಡದ ಧಾರ್ಮಿಕ ಚರಿತ್ರೆಯಲ್ಲಿ ಒಂದು ಪ್ರತ್ಯೇಕ ಅಧ್ಯಾಯವೇ ಆಗಿವೆ. ಒಂದು ಕಾಲಕ್ಕೆ ಭಿಕ್ಷುಗಳು ಸ್ವದೇಶೀಯರೇ ಆಗಿದ್ದು, ಶತಮಾನಗಳ ವಿಚ್ಛೇದದ ತರುವಾಯ ಭಿಕ್ಷುಗಳೇ ಪರದೇಶೀಯರಾಗಿ ಬಂದು ನೆಲಸಿದ ಕನ್ನಡನಾಡಿನಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವುಂಟು. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಸೀಮೆಯವನು ಸಂನ್ಯಾಸಿಯನ್ನು ಅಳೆಯುವ ಮಾನದಂಡ ಬಹುಮಟ್ಟಿಗೆ ಲಿಂಗಾಯತ ಮಠಗಳಿಂದಲೂ ಜೋಳಿಗೆ ಹಿಡಿದು ಮನೆಬಾಗಿಲಿಗೆ ಬರುವ ಜಂಗಮರಿಂದಲೂ ರೂಪುಗೊಂಡುದು; ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಜನಿಸಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲಸಿ, ಜೇಬಿಲ್ಲದ ಬಿಳಿಯ ಅಂಗಿ ತೊಟ್ಟು ಬಾಳಿ, 2023ರ ಜನವರಿಯಲ್ಲಿ ದೇಹವಿಟ್ಟ ಸಿದ್ಧೇಶ್ವರ ಸ್ವಾಮಿಗಳನ್ನು ಕಣ್ಣಾರೆ ಕಂಡ ಜನಕ್ಕೆ ಸಂನ್ಯಾಸವೆಂದರೆ ಮಿತಭಾಷೆ, ಶಾಕಾಹಾರ, ಅಪರಿಗ್ರಹ. ಇಂತಹದೇ ಒಂದು ಮಾನದಂಡ ಪೋರ್ಚುಗೀಸ್ ಪಾದ್ರಿಯ ಕೈಯಲ್ಲಿಯೂ ಇದ್ದಿತು, ಆಂಗ್ಲ ಅಧಿಕಾರಿಯ ಕೈಯಲ್ಲಿಯೂ ಇದ್ದಿತು. ಭಿಕ್ಷುವಿನ ಮಾತು ತಿಳಿಯದೆ ಹೋದುದಕ್ಕಿಂತ, ಅವನನ್ನು ತಮ್ಮ ಊರಿನ ವಿರಕ್ತನ ಎರಕದಲ್ಲಿ ಹೊಯ್ದು ನೋಡಿದುದರಿಂದಲೇ ಅಪಾರ್ಥಗಳು ಹೆಚ್ಚಾಗಿ ಹುಟ್ಟಿದುವೆಂಬುದನ್ನು ಈ ಇತಿಹಾಸ ಮತ್ತೆ ಮತ್ತೆ ತೋರಿಸುತ್ತದೆ.

ಪ್ರಾಚೀನ ಕಾಲದಲ್ಲಿ ಈ ತೊಡಕು ಅಷ್ಟಾಗಿ ಕಾಣಿಸದು. ಇಂದಿನ ವಿಜಯಪುರದ ಸೀಮೆ ಬಾದಾಮಿಯ ಚಾಳುಕ್ಯರ ಆಳಿಕೆಗೆ ಒಳಪಟ್ಟಿದ್ದ ಏಳನೆಯ ಶತಮಾನದ ಪೂರ್ವಾರ್ಧದಲ್ಲಿ, ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಸಂದರ್ಶಿಸಿದ ಚೀನೀ ಭಿಕ್ಷು ಹ್ಯುಯೆನ್‌ತ್ಸಾಂಗ್, ಅಲ್ಲಿ ಸುಮಾರು ನೂರು ಸಂಘಾರಾಮಗಳೂ ಐದು ಸಾವಿರದಷ್ಟು ಭಿಕ್ಷುಗಳೂ ಇದ್ದರೆಂದು ಬರೆದಿಟ್ಟಿದ್ದಾನೆ. ಅವನು ಪರದೇಶೀಯನಾದರೂ ಸಂಸ್ಕೃತವನ್ನು ನಳಂದೆಯಲ್ಲಿ ಆಳವಾಗಿ ಅಭ್ಯಸಿಸಿದ್ದವನು. ಆಚಾರದಲ್ಲಿಯೂ ಭಿಕ್ಷುಗಳ ನಡವಳಿಕೆಯನ್ನು ವಿಧಿಸುವ ಅದೇ ವಿನಯಪಿಟಕದ ನಿಯಮಕ್ಕೆ ಒಳಪಟ್ಟವನು. ಐಹೊಳೆಯ ಎರಡಂತಸ್ತಿನ ಬೌದ್ಧಾಲಯವೂ, ಧರ್ಮವೊಳಲೆಂದು ಹೆಸರಾಗಿದ್ದ ಡಂಬಳದಲ್ಲಿ ಸೆಟ್ಟಿಗಳು ಕಟ್ಟಿಸಿದ ವಿಹಾರವನ್ನೂ ತಾರಾದೇವಿಯ ಆಲಯವನ್ನೂ ಹೇಳುವ 1095ರ ಶಾಸನವೂ ಕನ್ನಡನಾಡಿನಲ್ಲಿ ಬೌದ್ಧಧರ್ಮ ಬಹುಕಾಲ ಉಳಿದುದಕ್ಕೆ ಸಾಕ್ಷಿಗಳಾಗಿವೆ. ತರುವಾಯ ಅದು ಕ್ರಮೇಣ ಕ್ಷೀಣಿಸಿತು. ಭಿಕ್ಷುವು ಕಣ್ಣಿಗೆ ಕಾಣುವ ನೆರೆಯವನಾಗಿ ಉಳಿಯದೆ, ಪ್ರತಿಪಕ್ಷದವರ ಖಂಡನಗ್ರಂಥಗಳಲ್ಲಿ ಮಾತ್ರ ಬದುಕುವ ಪೂರ್ವಪಕ್ಷಿಯಾದನು.

ಮುಂದಿನ ಘಟ್ಟವು ಗೋವೆಯಿಂದ ಆರಂಭವಾಗುತ್ತದೆ. 1510ರಲ್ಲಿ ಆಲ್ಬುಕರ್ಕ್ ಗೆದ್ದುಕೊಳ್ಳುವವರೆಗೆ ಗೋವೆಯು ಬಿಜಾಪುರದ, ಎಂದರೆ ಇಂದಿನ ವಿಜಯಪುರದ, ಆದಿಲಶಾಹಿಗಳ ಪಟ್ಟಣವಾಗಿದ್ದಿತು. ಅಲ್ಲಿಂದ 1560ರಲ್ಲಿ ಸಿಂಹಳದ ಯಾಳ್ಪಾಣದ (ಜಾಫ್ನಾದ) ಮೇಲೆ ದಂಡೆತ್ತಿ ಹೋದ ಪೋರ್ಚುಗೀಸ್ ವೈಸರಾಯ್ ಕಾನ್‌ಸ್ಟಾಂಟಿನೊ ದೆ ಬ್ರಗಾಂಸನಿಗೆ ಬುದ್ಧನದೆಂದು ಪೂಜೆಗೊಳ್ಳುತ್ತಿದ್ದ ಒಂದು ದಂತಧಾತು ಕೈವಶವಾಯಿತು. ಬರ್ಮಾದ ಪೆಗುವಿನ ದೊರೆ ಅದಕ್ಕೆ ಪ್ರತಿಯಾಗಿ ಅಪಾರ ದ್ರವ್ಯವನ್ನು ಕೊಡಲು ಮುಂದೆ ಬಂದನು. ವಿಗ್ರಹಾರಾಧನೆಗೆ ಎಡೆಗೊಟ್ಟಂತಾಗುವುದೆಂದು ಧರ್ಮಾಧಿಕಾರಿಗಳು ಆ ಧನವನ್ನು ನಿರಾಕರಿಸಿದರು. ಆರ್ಚ್‌ಬಿಷಪ್ಪನು ಸಭೆಯ ಸಮ್ಮುಖದಲ್ಲಿ ಅದನ್ನು ಕಲ್ಬತ್ತಿನಲ್ಲಿ ಕುಟ್ಟಿ ಪುಡಿಮಾಡಿ, ಕೆಂಡಕ್ಕೆ ಸುರಿದು, ಬೂದಿಯನ್ನು ಹೊಳೆಗೆ ಚೆಲ್ಲಿಸಿದನೆಂದು ಪೋರ್ಚುಗೀಸ್ ಚರಿತ್ರಕಾರರು ಬರೆದಿದ್ದಾರೆ. ತಮ್ಮ ಸಂತರ ಅಸ್ಥಿಗಳನ್ನು ಬೆಳ್ಳಿಯ ಭರಣಿಗಳಲ್ಲಿಟ್ಟು ಪೂಜಿಸುತ್ತಿದ್ದ ಜನವೇ ಹೀಗೆ ಮಾಡಿದರೆಂಬುದು ಮನಸ್ಸನ್ನು ನೋಯಿಸುವ ಸಂಗತಿ. ಸಿಂಹಳದವರು ಮಾತ್ರ, ನಿಜವಾದ ಧಾತುವು ತಮ್ಮಲ್ಲಿಯೇ ಸುರಕ್ಷಿತವಾಗಿದೆಯೆಂದು ಸಾರಿ, ಕ್ಯಾಂಡಿಯಲ್ಲಿ ಇಂದಿಗೂ ಅದನ್ನು ಪೂಜಿಸುತ್ತಾರೆ.

ದ್ವೇಷದಿಂದ ಹುಟ್ಟಿದ ಈ ಅಪಾರ್ಥಕ್ಕೆ ಎದುರಾಗಿ, ಮಿತಿಮೀರಿದ ಆತ್ಮೀಯತೆಯಿಂದ ಹುಟ್ಟಿದವೂ ಉಂಟು. 1624ರಲ್ಲಿ ಹಿಮಾಲಯವನ್ನು ದಾಟಿ ಪಶ್ಚಿಮ ಟಿಬೆಟ್ಟಿನ ತ್ಸಾಪರಂಗ್ ನಗರವನ್ನು ಮುಟ್ಟಿದ ಜೆಸುಯಿಟ್ ಪಾದ್ರಿ ಆಂಟೋನಿಯೊ ದೆ ಅಂದ್ರಾದೆ, ಲಾಮಾಗಳ ಮಂತ್ರಘೋಷವನ್ನೂ ವ್ರತನಿಯಮಗಳನ್ನೂ ಕಂಡು, ಅವರು ಮರೆತುಹೋದ ಕ್ರೈಸ್ತಮತವೊಂದರ ಶೇಷವಾಗಿರಬೇಕೆಂದು ಭಾವಿಸಿದನು. ಇದಕ್ಕಿಂತ ಎಷ್ಟೋ ಮೇಲಾದ ಸಾಧನೆ ಇಪ್ಪೊಲಿಟೊ ದೆಸಿದೆರಿಯದು. 1716ರ ಮಾರ್ಚಿನಲ್ಲಿ ಲ್ಹಾಸಾವನ್ನು ಸೇರಿದ ಈ ಇಟಾಲಿಯನ್ ಪಾದ್ರಿ ಸೆರಾ ಮಹಾವಿಹಾರದಲ್ಲಿ ಭಿಕ್ಷುಗಳ ನಡುವೆ ಕುಳಿತು ಶಾಸ್ತ್ರಾಭ್ಯಾಸ ಮಾಡಿದನು. ಶೂನ್ಯತೆಯೆಂದರೆ ಏನೂ ಇಲ್ಲದಿರುವಿಕೆಯಲ್ಲ, ಯಾವ ವಸ್ತುವಿಗೂ ಸ್ವತಃಸಿದ್ಧವಾದ ಸ್ವಭಾವವಿಲ್ಲವೆಂಬ ಪ್ರತಿಪಾದನೆಯೆಂಬುದನ್ನು ಬಹಳ ಹೆಣಗಿ ಅರಿತುಕೊಂಡು, ಆ ತತ್ತ್ವವು ತನ್ನ ದೇವರಿಗೆ ಎಡೆಗೊಡದೆಂಬುದನ್ನು ಕಂಡು, ಟಿಬೆಟನ್ ಭಾಷೆಯಲ್ಲಿಯೇ ಅದರ ಖಂಡನೆಯನ್ನು ಬರೆದನು. ಎದುರಾಳಿಯ ಮಾತನ್ನು ಸರಿಯಾಗಿ ಗ್ರಹಿಸಿ ವಿರೋಧಿಸಿದವನನ್ನು, ತಪ್ಪಾಗಿ ಗ್ರಹಿಸಿ ಮೆಚ್ಚಿದವನಿಗಿಂತ ಗೌರವದಿಂದ ಕಾಣಬೇಕು. ದುರ್ದೈವದಿಂದ ಅವನ ವೃತ್ತಾಂತ 1904ರವರೆಗೆ ಅಚ್ಚಾಗಲಿಲ್ಲ. ಆದುದರಿಂದ ಅವನು ಗಳಿಸಿದ ಅರಿವು ಅವನ ಹಿಂದೆ ಬಂದವರಿಗೆ ದೊರೆಯಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಐರೋಪ್ಯರು ಮತ್ತೊಂದು ಬಗೆಯ ಭ್ರಮೆಗೆ ಒಳಗಾದರು. ಕನ್ನಡನಾಡಿನಲ್ಲಿ ಅವರ ಕಣ್ಣಿಗೆ ಬಿದ್ದವರು ಜೈನರು. ಕಾಲಿನ್ ಮೆಕೆಂಜಿ, ಫ್ರಾನ್ಸಿಸ್ ಬುಕಾನನ್ ಮೊದಲಾದವರು ಇಲ್ಲಿಯ ಜೈನರ ವಿಷಯವಾಗಿ ಬೆಲೆಯುಳ್ಳ ಮಾಹಿತಿಯನ್ನು ಸಂಗ್ರಹಿಸಿದರೂ, ಧ್ಯಾನಮುದ್ರೆಯಲ್ಲಿ ಕುಳಿತ ತೀರ್ಥಂಕರನನ್ನೂ ಬುದ್ಧನನ್ನೂ ಬೆರೆಸಿ, ಒಂದು ಮತವನ್ನು ಇನ್ನೊಂದರ ಶಾಖೆಯೆಂದು ಭಾವಿಸುವ ಪರಿಪಾಠ ವಿದ್ವಾಂಸರಲ್ಲಿ ಬಹುಕಾಲ ನಡೆದುಬಂದಿತು. 1879ರಲ್ಲಿ ಹರ್ಮನ್ ಯಾಕೋಬಿ ಜೈನಗ್ರಂಥವಾದ ಕಲ್ಪಸೂತ್ರದ ಪೀಠಿಕೆಯಲ್ಲಿ ಜೈನಮತದ ಸ್ವಾತಂತ್ರ್ಯವನ್ನು ಸಾಧಿಸಿ ತೋರಿಸಿದ ಮೇಲೆಯೇ ಆ ಭ್ರಮೆ ಹಿಂಜರಿಯಿತು. 1895ರಲ್ಲಿ ಆಸ್ಟಿನ್ ವ್ಯಾಡೆಲ್ ಟಿಬೆಟ್ಟಿನ ಬೌದ್ಧಧರ್ಮವನ್ನು ಕುರಿತು ಬರೆದ ಗ್ರಂಥ ‘ಲಾಮಾಮತ’ವೆಂಬ ಹೆಸರನ್ನು ರೂಢಿಗೊಳಿಸಿತು, ಅದರಿಂದ ಕಾಷಾಯ ತೊಟ್ಟವರೆಲ್ಲರೂ ಲಾಮಾಗಳೆಂಬ ನಂಬಿಕೆ ನಮ್ಮ ವೃತ್ತಪತ್ರಿಕೆಗಳವರೆಗೂ ಹಬ್ಬಿತು. ಲಾಮಾ ಎಂಬುದು ಗುರುವಿಗೆ ಸಲ್ಲುವ ಪದ. ಪೂರ್ಣದೀಕ್ಷೆ ಪಡೆದ ಭಿಕ್ಷುವು ಗೆಲೊಂಗ್, ಶ್ರಾಮಣೇರನು ಗೆತ್ಸುಲ್. ಹೊಸದಾಗಿ ಸೇರಿದ ಹುಡುಗನನ್ನು ಲಾಮಾ ಎಂದು ಕೂಗುವುದು, ಮಠದ ಮರಿಯನ್ನು ಜಗದ್ಗುರುವೆಂದು ಕರೆದಂತೆ.

ಕನ್ನಡಿಗರು ಜೀವಂತ ಭಿಕ್ಷುಸಂಘವನ್ನು ಮತ್ತೆ ಎದುರುಗೊಂಡುದು 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದ ತರುವಾಯ. ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯ ಕಾಡನ್ನು ನಿರಾಶ್ರಿತರಿಗೆ ಬಿಟ್ಟುಕೊಟ್ಟು 1960ರ ಕೊನೆಯಲ್ಲಿ ಮೊದಲ ತಂಡಗಳು ಅಲ್ಲಿಗೆ ಬಂದಾಗ, ಮುಖ್ಯಮಂತ್ರಿಯಾಗಿದ್ದವರು ಅವಿಭಜಿತ ಬಿಜಾಪುರ ಜಿಲ್ಲೆಯ ಸಾವಳಗಿಯವರಾದ ಬಿ. ಡಿ. ಜತ್ತಿ; 1966ರಲ್ಲಿ ಮುಂಡಗೋಡದ ವಸತಿ ನೆಲೆಗೊಂಡಾಗ ಎಸ್. ನಿಜಲಿಂಗಪ್ಪನವರು ಆ ಸ್ಥಾನದಲ್ಲಿದ್ದರು; ನಿಜಲಿಂಗಪ್ಪನವರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಬಂದೀಖಾನೆಯೊಂದರಲ್ಲಿ ಕ್ಷಯರೋಗಕ್ಕೆ ತುತ್ತಾಗುತ್ತ ಶಾಸ್ತ್ರಪಾಠವನ್ನು ಬಿಡದೆ ಉಳಿಸಿಕೊಂಡಿದ್ದ ಭಿಕ್ಷುಗಳು 1969–70ರಲ್ಲಿ ದಕ್ಷಿಣಕ್ಕೆ ಬಂದರು. ಡ್ರೆಪುಂಗ್, ಗಾಂದೆನ್ ಮಹಾವಿಹಾರಗಳು ಮುಂಡಗೋಡದಲ್ಲಿಯೂ, ದೆಸಿದೆರಿ ಓದಿದ ಸೆರಾ ಬೈಲಕುಪ್ಪೆಯಲ್ಲಿಯೂ ಪುನಃಸ್ಥಾಪಿತವಾದುವು. ಮೊದಲ ವರ್ಷಗಳಲ್ಲಿ ಈ ವಿದ್ವಾಂಸರು ಕಾಡು ಕಡಿದು, ನೆಲ ಅಗೆದು, ಗೋವಿನಜೋಳ ಬಿತ್ತಿ ಹೊಟ್ಟೆ ಹೊರೆಯಬೇಕಾಯಿತು. ಸ್ವಾಮಿಗಳಾದವರು ಗುದ್ದಲಿ ಹಿಡಿಯುವುದುಂಟೆ ಎಂದು ನೆರೆಹೊರೆಯ ರೈತರು ಬೆರಗಾಗಿದ್ದರೆ ಅದು ಸಹಜವೇ. ಮಣ್ಣು ಅಗೆದರೆ ಪ್ರಾಣಿಹಿಂಸೆಯಾದೀತೆಂದು ವಿನಯಪಿಟಕವೇ ಭಿಕ್ಷುವಿಗೆ ಅದನ್ನು ನಿಷೇಧಿಸಿರುವುದರಿಂದ, ಆ ಭಿಕ್ಷುಗಳ ಮನಸ್ಸಿಗೆ ಅದು ಇನ್ನೂ ದೊಡ್ಡ ಸಂಕಟವಾಗಿದ್ದಿತು.

ಆಹಾರದ ವಿಷಯದಲ್ಲಿ ಹುಟ್ಟಿದ ಅಪಾರ್ಥವೇ ಎಲ್ಲಕ್ಕಿಂತ ದೀರ್ಘಕಾಲದ್ದು. ಅಹಿಂಸೆಯನ್ನು ಬೋಧಿಸಿದ ಬುದ್ಧನ ಶಿಷ್ಯರು ಮಾಂಸ ತಿನ್ನುವುದನ್ನು ಕಂಡ ಲಿಂಗಾಯತನೂ ಜೈನನೂ ಅವರನ್ನು ಕಪಟಿಗಳೆಂದು ತೀರ್ಮಾನಿಸುವುದು ಸುಲಭ. ತನಗಾಗಿ ಕೊಂದುದನ್ನು ಕಾಣದೆ, ಕೇಳದೆ, ಶಂಕಿಸದೆ ಇದ್ದಾಗ ಭಿಕ್ಷೆಗೆ ಬಿದ್ದ ಮಾಂಸವು ನಿಷಿದ್ಧವಲ್ಲವೆಂಬ ಪ್ರಾಚೀನ ನಿಯಮವೂ, ಕಾಯಿಪಲ್ಲೆ ಬೆಳೆಯದ ಶೀತಭೂಮಿಯ ಅನಿವಾರ್ಯತೆಯೂ ಇದರ ಹಿಂದಿದ್ದವು. ಇತ್ತೀಚಿನ ದಶಕಗಳಲ್ಲಿ ಅನೇಕ ವಿಹಾರಗಳ ಸಾಮೂಹಿಕ ಪಾಕಶಾಲೆಗಳಿಂದ ಮಾಂಸ ದೂರವಾಗಿದೆ. ವಂದನೆಯ ವಿಷಯದಲ್ಲಿಯೂ ಇಂತಹ ಮುಜುಗರಗಳುಂಟು: ಖಾತಾ ಎಂಬ ಬಿಳಿಯ ರೇಷ್ಮೆವಸ್ತ್ರವನ್ನು ಎರಡು ಕೈಗಳಲ್ಲಿ ಒಪ್ಪಿಸಿದಾಗ ಹಿರಿಯ ಲಾಮಾ ಅದನ್ನು ತಿರುಗಿ ಅರ್ಪಿಸಿದವನ ಕೊರಳಿಗೇ ಹಾಕುತ್ತಾನೆ, ಮೊದಲ ಸಲ ಬಂದವನು ಕಾಣಿಕೆ ತಿರಸ್ಕೃತವಾಯಿತೆಂದು ಖಿನ್ನನಾಗುತ್ತಾನೆ, ದೊರೆತದ್ದು ಆಶೀರ್ವಾದವೆಂಬುದು ಅವನಿಗೆ ಹೊಳೆಯದು.

ಸಂಜೆಯ ಹೊತ್ತು ವಿಹಾರದ ಅಂಗಳದಲ್ಲಿ ನಡೆಯುವ ವಾದವನ್ನು ಪ್ರವಾಸಿಗರು ಜಗಳವೆಂದೇ ತಿಳಿಯುವುದುಂಟು. ಉತ್ತರವಾದಿ ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನವಾದಿ ಎದುರು ನಿಂತು, ಜಪಸರವನ್ನು ಎಡದ ತೋಳಿಗೇರಿಸಿ, ಬಲಗೈಯನ್ನು ತಲೆಗಿಂತ ಎತ್ತರಕ್ಕೆ ಒಯ್ದು, ಎಡಗಾಲನ್ನು ನೆಲಕ್ಕೆ ಬಡಿಯುತ್ತ ಚಪ್ಪಾಳೆ ತಟ್ಟಿ ಪ್ರಶ್ನೆಯನ್ನು ಎಸೆಯುತ್ತಾನೆ. ಉತ್ತರವಾದಿಗೆ ಅನುಮತವಾದ ಉತ್ತರಗಳು ಕೆಲವೇ: ಒಪ್ಪಿದೆ, ಹೇತು ಸಿದ್ಧವಿಲ್ಲ, ವ್ಯಾಪ್ತಿಯಿಲ್ಲ. ಹೇತುವೆಂದರೆ ಕಾರಣ, ವ್ಯಾಪ್ತಿಯೆಂದರೆ ಅದಕ್ಕೂ ನಿರ್ಣಯಕ್ಕೂ ಇರುವ ತಪ್ಪದ ಸಂಬಂಧ; ಈ ಪರಿಕಲ್ಪನೆಗಳು ಬೌದ್ಧ ತಾರ್ಕಿಕನಾದ ಧರ್ಮಕೀರ್ತಿಯ ಪ್ರಮಾಣವಾರ್ತಿಕದಿಂದ ಟಿಬೆಟ್ಟಿಗೆ ಹೋದವು. ನಮ್ಮ ಪಾಠಶಾಲೆಗಳ ತರ್ಕವಿದ್ಯಾರ್ಥಿ ಅವನ್ನು ಇಂದಿಗೂ ಓದುತ್ತಾನೆ. ಮುಂಡಗೋಡದ ಅಂಗಳದಲ್ಲಿ ಕನ್ನಡದ ತರ್ಕಪಂಡಿತನಿಗೆ ಪರಕೀಯವಾದುದು ಆ ಚಪ್ಪಾಳೆಯೊಂದೇ. ಈ ನೆಂಟಸ್ತಿಕೆಯನ್ನು ನಮ್ಮ ವಿದ್ವಾಂಸರು ಸಾಕಷ್ಟು ಬಳಸಿಕೊಂಡಿಲ್ಲವೆಂಬುದು ದುಃಖದ ವಿಷಯ.

ಪಾಶ್ಚಾತ್ಯರ ಪೈಕಿ ಈ ವಿದ್ಯೆಯನ್ನು ಕೊನೆಮುಟ್ಟ ಕಲಿತು, 1985ರಲ್ಲಿ ವಿಹಾರವಿದ್ಯೆಯ ಉನ್ನತ ಪದವಿಯಾದ ಗೆಶೆಯನ್ನು ಮೊದಲಿಗನಾಗಿ ಪಡೆದವನೆಂದು ಹೆಸರಾದ ಸ್ವಿಟ್ಸರ್ಲೆಂಡಿನ ಜಾರ್ಜ್ ದ್ರೆಫ್ಯೂಸ್, ಆ ಶಿಕ್ಷಣಕ್ರಮವನ್ನು ಒಳಗಿನಿಂದ ವಿವರಿಸುವ ಗ್ರಂಥವನ್ನು 2003ರಲ್ಲಿ ಪ್ರಕಟಿಸಿದನು. ಟಿಬೆಟನ್ ವಸತಿಗಳಲ್ಲಿ ತಂಗಲು ವಿದೇಶೀಯರು ಕೇಂದ್ರ ಸರ್ಕಾರದ ವಿಶೇಷ ಅನುಮತಿಪತ್ರವನ್ನು ಪಡೆಯಬೇಕಾದುದರಿಂದ ಇಂತಹ ದೀರ್ಘ ಸಹವಾಸ ವಿರಳ. ಆದರೂ 2014ರಿಂದ ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಅಧ್ಯಾಪಕರು ಸೆರಾ, ಡ್ರೆಪುಂಗ್, ಗಾಂದೆನ್ ವಿಹಾರಗಳಲ್ಲಿ ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನಗಳನ್ನು ದ್ವಿಭಾಷಿಗಳ ನೆರವಿನಿಂದ ಬೋಧಿಸತೊಡಗಿದರು. ಟಿಬೆಟನ್ ಭಾಷೆಯಲ್ಲಿ ಇಲ್ಲದ ನೂರಾರು ಪಾರಿಭಾಷಿಕ ಪದಗಳನ್ನು ಅದಕ್ಕಾಗಿ ಹೊಸದಾಗಿ ಕಟ್ಟಬೇಕಾಯಿತು. ಸೂಕ್ಷ್ಮದರ್ಶಕದ ಕೆಳಗೆ ಬ್ಯಾಕ್ಟೀರಿಯಾ ಅಲುಗುವುದನ್ನು ಕಂಡ ಭಿಕ್ಷುಗಳು ಇದು ಸುಖದುಃಖಗಳನ್ನು ಅರಿಯುವ ಜೀವಿಯೋ ಅಲ್ಲವೋ ಎಂದು ಕೇಳುತ್ತಾರೆ. ಜೀವವುಳ್ಳುದಕ್ಕೂ ಚಿತ್ತವುಳ್ಳುದಕ್ಕೂ ಇರುವ ಅಂತರ ಅಧ್ಯಾಪಕನ ಶಾಸ್ತ್ರದಲ್ಲಿ ಪ್ರಶ್ನೆಯಾಗಿಯೇ ಏಳುವುದು ಅಪರೂಪ. ಭಿಕ್ಷುವಿಗಾದರೋ, ಔಷಧಿ ಕುಡಿದು ಆ ಜೀವಿಯನ್ನು ಕೊಲ್ಲುವುದು ಪ್ರಾಣಾತಿಪಾತವೇ, ಎಂದರೆ ಪ್ರಾಣಹತ್ಯೆಯೇ, ಎಂಬುದು ಆ ಅಂತರದ ಮೇಲೆಯೇ ನಿಂತಿದೆ.