ರಾಗಿ, ಉಪ್ಪಿಟ್ಟು, ಹಾಲು: ಚಿಕ್ಕಬಳ್ಳಾಪುರ ಸೀಮೆಯ ಶಾಲಾಮಕ್ಕಳ ಆಹಾರ ಮತ್ತು ದೇಹಶಿಕ್ಷಣ

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ನದಿಗಳು ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುತ್ತವೆಯಾದರೂ ಆ ಬೆಟ್ಟಗಳ ಬುಡದಲ್ಲಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು ವರ್ಷವಿಡೀ ಹರಿಯುವ ಹೊಳೆಯೊಂದನ್ನು ಕಂಡಿಲ್ಲ. 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿದ್ದ ಈ ಸೀಮೆಯ ಬದುಕು ಕೆರೆ ಮತ್ತು ಮಳೆಯನ್ನೇ ನೆಚ್ಚಿಕೊಂಡಿತ್ತು. ಇಲ್ಲಿನ ಮಕ್ಕಳಿಗೆ ಸರಿಯಾದ ಆಹಾರವನ್ನೂ ವ್ಯಾಯಾಮವನ್ನೂ ಕಲಿಸಲು ಸರ್ಕಾರ ಮತ್ತು ಸಮುದಾಯಗಳು ಕೈಗೊಂಡ ಪ್ರಯತ್ನಗಳನ್ನು ಪರಿಶೀಲಿಸುವಾಗ ಈ ಭೂಸ್ಥಿತಿಯನ್ನು ಮರೆಯುವಂತಿಲ್ಲ. ಕಲಿಸಿದ್ದು ಒಂದು, ನೆಲದಲ್ಲಿ ಬೆಳೆಯುತ್ತಿದ್ದುದು ಇನ್ನೊಂದು ಎಂಬ ವೈರುಧ್ಯವು ಈ ಪ್ರಯತ್ನಗಳ ಉದ್ದಕ್ಕೂ ಕಂಡುಬರುತ್ತದೆ.

ಹಳೆಯ ಊಟದ ಕ್ರಮವು ಹೊಲದಿಂದಲೇ ರೂಪುಗೊಂಡಿತ್ತು. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿಯಾಗಿ ಬಿತ್ತುತ್ತಿದ್ದುದರಿಂದ ಮುದ್ದೆ ಮತ್ತು ಅದಕ್ಕೆ ಬೇಕಾದ ಸಾರು ಒಂದೇ ಹೊಲದಲ್ಲಿ ದೊರೆಯುತ್ತಿದ್ದವು. ಬದುವಿನಲ್ಲಿ ತಾನಾಗಿ ಹುಟ್ಟುವ ಬೆರಕೆಸೊಪ್ಪು ಬಸ್ಸಾರಿಗೂ ಮಸ್ಸೊಪ್ಪಿಗೂ ಒದಗುತ್ತಿತ್ತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣದಂಶವಿದೆ; ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಈ ಲೆಕ್ಕ ತಿಳಿಯದ ಮನೆಗಳಲ್ಲಿಯೂ ಕೂಸಿಗೆ ಮೊದಲು ಉಣಿಸುತ್ತಿದ್ದುದು ರಾಗಿಯ ಸರಿಯನ್ನೇ. ಆದರೆ ಈ ಊಟ ಎಲ್ಲರಿಗೂ ಹೊಟ್ಟೆ ತುಂಬ ಸಿಗುತ್ತಿತ್ತೆಂದು ಭಾವಿಸುವುದು ಚರಿತ್ರೆಗೆ ದ್ರೋಹವಾಗುತ್ತದೆ. ಮಳೆ ಕೈಕೊಟ್ಟ ವರ್ಷ ಕೂಲಿಯವರ ಮನೆಯ ಮಕ್ಕಳಿಗೆ ಅಂಬಲಿಯೇ ಗತಿಯಾಗುತ್ತಿತ್ತು.

ಓದುವ ಬಡ ಹುಡುಗರಿಗೆ ಊಟ ಒದಗಿಸುವ ಹೊಣೆಯನ್ನು ಮೊದಲು ಹೊತ್ತದ್ದು ಸಮಾಜವೇ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನದ ಪದ್ಧತಿ ಮತ್ತು ಜಾತಿವಾರು ಉಚಿತ ವಿದ್ಯಾರ್ಥಿನಿಲಯಗಳು ಹಳೆಯ ಮೈಸೂರು ಸಂಸ್ಥಾನದಲ್ಲಿ ಹಲವರ ಶಿಕ್ಷಣಕ್ಕೆ ಆಸರೆಯಾದವು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು 1935ರಲ್ಲಿ ಪ್ರೌಢಶಾಲೆ ಸೇರಲು ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದ ಸಂಗತಿ ಸುಪರಿಚಿತ. ಆದರೆ ಈ ವ್ಯವಸ್ಥೆಗೆ ಮಿತಿಗಳಿದ್ದವು: ಜಾತಿಯ ಗೆರೆ ಅದರ ಸುತ್ತ ಇತ್ತು, ಹೆಣ್ಣುಮಕ್ಕಳು ಅದರ ಹೊರಗಿದ್ದರು.

ಸ್ವಾತಂತ್ರ್ಯಾನಂತರ ಈ ಹೊಣೆ ಸರ್ಕಾರಕ್ಕೆ ಬಂದಿತು. 1960ರ ದಶಕದಲ್ಲಿ ಕೇರ್ ಸಂಸ್ಥೆಯ ನೆರವಿನಿಂದ ರಾಜ್ಯದ ಶಾಲೆಗಳಲ್ಲಿ ಅಮೆರಿಕದ ಗೋಧಿನುಚ್ಚಿನ ಉಪ್ಪಿಟ್ಟು ಮತ್ತು ಹಾಲಿನಪುಡಿಯ ಹಾಲು ವಿತರಣೆಯಾದವು. ಆ ಉಪ್ಪಿಟ್ಟಿನ ವಾಸನೆಯನ್ನು ಒಂದು ತಲೆಮಾರು ಇಂದಿಗೂ ನೆನೆಯುತ್ತದೆ. ಹಸಿವನ್ನು ತಣಿಸಿದ ಅದರ ಉಪಕಾರ ಸಣ್ಣದಲ್ಲ. ಆದರೆ ಒಳ್ಳೆಯ ಆಹಾರವೆಂದರೆ ಹೊರಗಿನಿಂದ ಮೂಟೆಯಲ್ಲಿ ಬರುವುದು ಎಂಬ ಗ್ರಹಿಕೆಯ ಬೇರನ್ನು ಅಲ್ಲಿಯೇ ಹುಡುಕಬೇಕು. ಅದೇ ದಶಕದಲ್ಲಿ, 1963ರಿಂದ, ದೇಶದಾದ್ಯಂತ ವಿಸ್ತರಿಸಿದ ಅನ್ವಯಿಕ ಪೌಷ್ಟಿಕಾಂಶ ಕಾರ್ಯಕ್ರಮವು ಶಾಲಾ ಕೈತೋಟ ಮತ್ತು ಕೋಳಿಸಾಕಣೆಗಳ ಮೂಲಕ ಊರವರೇ ಬೆಳೆದು ಉಣ್ಣುವ ದಾರಿಯನ್ನು ಸೂಚಿಸಿತ್ತು. ಯೋಚನೆ ಉತ್ತಮವಾಗಿದ್ದರೂ ಬೇಸಿಗೆಯಲ್ಲಿ ಬಾವಿ ಬತ್ತುವ ಸೀಮೆಯಲ್ಲಿ ಕೈತೋಟಕ್ಕೆ ನೀರು ಎಲ್ಲಿಂದ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಮೊದಲ 33 ಯೋಜನೆಗಳಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ತಿ. ನರಸೀಪುರ, ಅಂಗನವಾಡಿಗಳು ಕ್ರಮೇಣ ಉಳಿದ ತಾಲ್ಲೂಕುಗಳಿಗೂ ಹರಡಿದವು.

ದೇಹಶಿಕ್ಷಣದ ಕಥೆ ಬೇರೆ ಬಗೆಯದು. ಹಳೆಯ ಮೈಸೂರು ಸೀಮೆಯಲ್ಲಿ ಗರಡಿಮನೆಗಳು ಯುವಕರಿಗೆ ಕಸರತ್ತನ್ನು ಕಲಿಸುತ್ತಿದ್ದವು. ಅಖಂಡ ಕೋಲಾರ ಜಿಲ್ಲೆಯ ದೇವರಾಯಸಮುದ್ರದವರಾದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಸೂರ್ಯನಮಸ್ಕಾರದ ಬಗ್ಗೆ ಪುಸ್ತಕ ಬರೆದು, ಅಂಚೆಯ ಮೂಲಕವೂ ಅಂಗಸಾಧನೆಯನ್ನು ಬೋಧಿಸಿದರು. ಶಾಲೆಗಳಿಗೆ ಇದು ಡ್ರಿಲ್ಲಿನ ರೂಪದಲ್ಲಿ ಬಂದಿತು. ಆದರೆ ಈ ತಾಲ್ಲೂಕುಗಳ ಅನೇಕ ಮಕ್ಕಳಿಗೆ ದೇಹಶ್ರಮದ ಕೊರತೆ ಎಂದೂ ಇರಲಿಲ್ಲ. ನೀರು ಹೊರುವುದು, ದನ ಮೇಯಿಸುವುದು, ಹಿಪ್ಪುನೇರಳೆ ಸೊಪ್ಪು ತರುವುದು ದಿನದ ಕೆಲಸಗಳಾಗಿದ್ದವು. ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದನ್ನು ಹೊಂದಿರುವ ಶಿಡ್ಲಘಟ್ಟದಂತಹ ರೇಷ್ಮೆಯ ಊರುಗಳಲ್ಲಿ ನೂಲು ಬಿಚ್ಚಾಣಿಕೆ ಮತ್ತು ಹುರಿ ಮಾಡುವ ಕೆಲಸಗಳಿಗೆ ಎಳೆಯ ಕೈಗಳನ್ನು ಬಳಸಿಕೊಂಡದ್ದು ಈ ಉದ್ಯಮದ ಚರಿತ್ರೆಯ ಕಹಿ ಭಾಗ. ಬಿಸಿನೀರಿನಲ್ಲಿ ಬೆರಳು ಅದ್ದಿ ದಿನವಿಡೀ ನಿಂತ ಹುಡುಗಿಗೆ ವ್ಯಾಯಾಮದ ಪಾಠಕ್ಕಿಂತ ಮೊದಲು ಬೇಕಾಗಿದ್ದುದು ಬಿಡುವು. ಚಿನ್ನಿದಾಂಡು, ಲಗೋರಿ, ಕುಂಟೆಬಿಲ್ಲೆಗಳು ಆ ಬಿಡುವು ಸಿಕ್ಕವರ ಆಟಗಳಾಗಿದ್ದವು. ಹೋಬಳಿ ಮತ್ತು ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಕೊಕ್ಕೊ, ಕಬಡ್ಡಿಗಳಿಗೆ ಒಳ್ಳೆಯ ಆಟಗಾರರನ್ನು ಆಯ್ದವು. ಆಯ್ಕೆಯಾಗದೆ ಉಳಿದ ಮಕ್ಕಳ ನಿತ್ಯದ ಆಟಕ್ಕೆ ಅಷ್ಟು ಗಮನ ಸಿಗಲಿಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಾತು ಮುಟ್ಟಬೇಕಾಗಿರುವುದು ಇವರನ್ನೇ.

1995ರ ರಾಷ್ಟ್ರೀಯ ಯೋಜನೆಯಡಿ ಮಕ್ಕಳು ತಿಂಗಳಿಗೆ 3 ಕಿಲೋ ಧಾನ್ಯವನ್ನು ಮನೆಗೆ ಒಯ್ಯುತ್ತಿದ್ದರು. ಅದು ಇಡೀ ಕುಟುಂಬದ ಮಡಕೆ ಸೇರುತ್ತಿತ್ತು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಬೇಯಿಸಿದ ಊಟವನ್ನೇ ನೀಡಬೇಕೆಂದು ಆದೇಶಿಸಿತು. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹವು 2003ರಲ್ಲಿ ಕೋಲಾರ ಸೇರಿದಂತೆ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. ಈ ಯೋಜನೆಯ ನಿಜವಾದ ಪಾಠ ಕ್ಯಾಲೊರಿಗಳಿಗಷ್ಟೇ ಸೀಮಿತವಲ್ಲ. ವಾರಾನ್ನದ ಕಾಲದಲ್ಲಿ ಅಸಾಧ್ಯವಾಗಿದ್ದ ಒಂದೇ ಸಾಲಿನ ಊಟವನ್ನು ಅದು ಪ್ರತಿದಿನದ ರೂಢಿಯಾಗಿಸಿತು. ಈ ರೂಢಿ ಸುಲಭವಾಗಿ ನೆಲೆಗೊಳ್ಳಲಿಲ್ಲ: ನೆರೆಯ ಮುಳಬಾಗಿಲು ತಾಲ್ಲೂಕಿನ ಒಂದು ಶಾಲೆಯಲ್ಲಿ ಅಡುಗೆಯವರು ದಲಿತ ಮಹಿಳೆಯೆಂಬ ಕಾರಣಕ್ಕೆ ಪೋಷಕರು ಮಕ್ಕಳನ್ನು ಬಿಡಿಸಿಕೊಂಡ ಸುದ್ದಿ 2014-15ರ ಸುಮಾರಿಗೆ ವರದಿಯಾಯಿತು. ಆಹಾರದ ಅರಿವನ್ನು ಕುರಿತ ಯಾವ ಚರ್ಚೆಯೂ ಈ ಸಂಗತಿಯನ್ನು ಬದಿಗಿಟ್ಟು ಪೂರ್ಣವಾಗದು.

ಮುಂದಿನ ಸೇರ್ಪಡೆಗಳು ಬೇಗಬೇಗನೆ ಬಂದವು: 2013ರ ಆಗಸ್ಟ್ 1ರಂದು ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು, 2021ರ ಕೊನೆಯಲ್ಲಿ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಬಳಿಕ ರಾಜ್ಯಕ್ಕೆಲ್ಲ ಹಬ್ಬಿದ ಮೊಟ್ಟೆ, 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನಗಳಿಗೆ ಅದರ ವಿಸ್ತರಣೆ. ಹೀಗಿದ್ದೂ ಸಮಸ್ಯೆಯ ಗಾತ್ರ ಕಡಿಮೆಯಾಗಿಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಕುಂಠಿತ ಬೆಳವಣಿಗೆಯವರು. ಆರು ತಿಂಗಳಿನಿಂದ ಐದು ವರ್ಷದೊಳಗಿನವರಲ್ಲಿ ಶೇ. 65.5ರಷ್ಟು ರಕ್ತಹೀನರು.

ಈ ಸೀಮೆಯಲ್ಲಿ ಇದಕ್ಕೆ ನೀರಿನ ಕಂಟಕವೂ ಸೇರಿದೆ. ಕೆರೆಗಳು ಬತ್ತಿ ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ಹಲವೆಡೆ ಫ್ಲೋರೈಡಿನ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿತು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಮೂಡಿದವು. ಸುಣ್ಣದಂಶ ಮತ್ತು ಸಿ ಜೀವಸತ್ವ ಹೇರಳವಾಗಿರುವ ಆಹಾರವು ಫ್ಲೋರೈಡಿನ ಹಾವಳಿಯನ್ನು ಒಂದಿಷ್ಟು ತಗ್ಗಿಸುತ್ತದೆ. ಎಂದರೆ, ಈ ನೀರು ಕುಡಿಯುವ ಮಗುವಿಗೆ ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿಗಳ ಅಗತ್ಯ ಇತರರಿಗಿಂತ ಹೆಚ್ಚು. ಅದೇ ಅವಧಿಯಲ್ಲಿ ರಾಗಿಯ ಹೊಲಗಳನ್ನು ನೀಲಗಿರಿ, ಹಿಪ್ಪುನೇರಳೆ, ದ್ರಾಕ್ಷಿ, ಟೊಮ್ಯಾಟೊಗಳು ಆಕ್ರಮಿಸಿದವು. ಬೆಂಗಳೂರಿಗೆ ತರಕಾರಿ ಕಳಿಸುವ ಊರಿನ ಶಾಲೆಯ ತಟ್ಟೆಯಲ್ಲಿ ಸರಬರಾಜಿನ ಅಕ್ಕಿಯ ಅನ್ನ ಮತ್ತು ತೊಗರಿಬೇಳೆಯ ಸಾಂಬಾರು ಉಳಿದವು.

ರಾಗಿ ಶಾಲೆಗೆ ಮರಳಿದ್ದು 2024ರ ಫೆಬ್ರುವರಿಯಲ್ಲಿ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ ನೆಲೆಗೊಂಡು, 2012ರಿಂದ ಶಾಲಾಮಕ್ಕಳಿಗೆ ಬೆಳಗಿನ ಉಪಾಹಾರ ನೀಡುತ್ತ ಬಂದ ಅನ್ನಪೂರ್ಣ ಟ್ರಸ್ಟ್‌ನ ಸಹಯೋಗದಲ್ಲಿ ಕ್ಷೀರಭಾಗ್ಯದ ಹಾಲಿನೊಂದಿಗೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ನೀಡುವ ಯೋಜನೆಗೆ ರಾಜ್ಯ ಸರ್ಕಾರ ಚಾಲನೆ ನೀಡಿತು. ಅರ್ಧ ಶತಮಾನಕ್ಕೂ ಮೀರಿ ಹೊರಗಿನ ಧಾನ್ಯಕ್ಕೆ ಕೈಯೊಡ್ಡಿದ ಸೀಮೆಯಿಂದಲೇ ಇದು ಹೊರಟದ್ದು ಗಮನಾರ್ಹ. ಆದರೂ ಮಗುವಿನ ಲೋಟಕ್ಕೆ ಬರುವುದು ಸಿದ್ಧಪಡಿಸಿದ ಪುಡಿ; ಅದು ಯಾವ ಹೊಲದ ರಾಗಿ ಎಂಬುದು ಮಗುವಿಗೆ ತಿಳಿಯದು. ಅವರೆಯ ವಿಷಯವಂತೂ ಇನ್ನೂ ವಿಚಿತ್ರ. ಪುಷ್ಯದ ಚಳಿಯಲ್ಲಿ ಚಿಂತಾಮಣಿ, ಶಿಡ್ಲಘಟ್ಟಗಳ ಸಂತೆಗಳಿಗೆ ಸೊಗಡಿನ ಅವರೆಕಾಯಿ ರಾಶಿರಾಶಿಯಾಗಿ ಬಂದು ಬೀಳುತ್ತದೆ, ಮನೆಮನೆಯಲ್ಲಿ ಹಿತಕಿದಬೇಳೆಯ ಸಾರು ಕುದಿಯುತ್ತದೆ. ಆ ವಾರಗಳಲ್ಲಿಯೂ ಶಾಲೆಯ ಅಡುಗೆಮನೆಯಲ್ಲಿ ಬೇಯುವುದು ಮೂಟೆಯಲ್ಲಿ ಬಂದ ತೊಗರಿಬೇಳೆಯೇ.