ದಿಗಿಲು ಮತ್ತು ದಿಗಿಲಿನ ನೆನಪು

ಕಾರಣವಿಲ್ಲದೆ ಎದೆ ಡವಗುಟ್ಟುತ್ತದೆ, ಉಸಿರು ಕಟ್ಟುತ್ತದೆ, ಈಗಲೇ ಸಾಯುತ್ತೇನೆಂಬ ದಿಗಿಲು ಆವರಿಸುತ್ತದೆ. ಪರೀಕ್ಷಿಸಿದರೆ ಹೃದಯದಲ್ಲಿ ದೋಷವಿಲ್ಲ. ಇದು ಮರುಕಳಿಸುತ್ತಾ, ಮುಂದಿನದು ಎಂದು ಬರುವುದೋ ಎಂಬ ಆತಂಕ ನೆಲೆಯೂರಿದರೆ ವೈದ್ಯರು ಅದನ್ನು ಪ್ಯಾನಿಕ್ ಡಿಸಾರ್ಡರ್ ಎನ್ನುತ್ತಾರೆ. ಚಿಕಿತ್ಸೆ ಪಡೆದ ಒಬ್ಬರು ಬೇಗ ಚೇತರಿಸಿಕೊಂಡರೆ, ಇನ್ನೊಬ್ಬರು ಹೊಸ್ತಿಲು ದಾಟಲೂ ಅಂಜುವುದೇಕೆ?

ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇಂತಹ ಎದೆಬಡಿತ, ಎದೆನೋವುಗಳನ್ನು ಕಂಡ ವೈದ್ಯ ಜೇಕಬ್ ಡಕೋಸ್ಟ 1871ರಲ್ಲಿ ಅದರ ಕುರಿತು ಬರೆದರು. ಅವರ ದೃಷ್ಟಿ ಹೃದಯದ ಮೇಲಿತ್ತು. 1895ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಆತಂಕವನ್ನೇ ಪ್ರತ್ಯೇಕ ವ್ಯಾಧಿಯೆಂದು ಗುರುತಿಸಿದರು.

ನಿಜವಾದ ತಿರುವು ಬಂದದ್ದು 1960ರ ಆಸುಪಾಸಿನಲ್ಲಿ. ನ್ಯೂಯಾರ್ಕಿನ ಹಿಲ್‌ಸೈಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಕ್ಲೈನ್ ಇಂತಹ ರೋಗಿಗಳಿಗೆ ಇಮಿಪ್ರಮೀನ್ ಎಂಬ ಔಷಧಿ ಕೊಟ್ಟರು. ಕೆಲವು ವಾರಗಳು ಕಳೆದರೂ ರೋಗಿಗಳು ಗುಣ ಕಂಡಿತೆನ್ನಲಿಲ್ಲ. ಬದಲಾವಣೆಯನ್ನು ಗಮನಿಸಿದವರು ವಾರ್ಡಿನ ಸಿಬ್ಬಂದಿ: ಸಾಯುತ್ತೇನೆಂದು ದಿನವೂ ದಾದಿಯರ ಬಳಿ ಓಡಿಬರುತ್ತಿದ್ದವರು ಈಗ ಬರುತ್ತಿರಲಿಲ್ಲ! ದಿಗಿಲು ನಿಂತಿತ್ತು. ಆದರೆ ಒಂಟಿಯಾಗಿ ಹೊರಹೋಗುವ ಅಂಜಿಕೆ ಹಾಗೆಯೇ ಉಳಿದಿತ್ತು. ದಿಗಿಲು ಬೇರೆ, ಅದರ ನಿರೀಕ್ಷೆಯಲ್ಲಿ ಹುಟ್ಟುವ ಭಯ ಬೇರೆ ಎಂಬುದು ಹೀಗೆ ತಿಳಿದುಬಂತು. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಸೂಚಿಯಲ್ಲಿ ಈ ವ್ಯಾಧಿ ಸ್ವಂತ ಹೆಸರು ಪಡೆಯಿತು.

ಆ ಎರಡನೆಯ ಭಯಕ್ಕೆ ಬೇರೆ ಮದ್ದು ಬೇಕಿತ್ತು. ಎದೆಬಡಿತವನ್ನು ಸಾವಿನ ಸೂಚನೆಯೆಂದು ಅರ್ಥೈಸುವುದೇ ದಿಗಿಲನ್ನು ಬೆಳೆಸುತ್ತದೆಂದು 1986ರಲ್ಲಿ ಇಂಗ್ಲೆಂಡಿನ ಡೇವಿಡ್ ಕ್ಲಾರ್ಕ್ ವಿವರಿಸಿದರು. ಆ ಅರ್ಥವನ್ನು ತಿದ್ದಿ, ಅಂಜಿದ ಸ್ಥಳಗಳಿಗೆ ಮೆಲ್ಲಮೆಲ್ಲನೆ ಮರಳಿಸುವ ಚಿಕಿತ್ಸೆ ರೂಪುಗೊಂಡಿತು. 2000ದಲ್ಲಿ ಡೇವಿಡ್ ಬಾರ್ಲೊ ಮತ್ತು ಸಂಗಡಿಗರು 312 ರೋಗಿಗಳ ಅಧ್ಯಯನ ಪ್ರಕಟಿಸಿದರು. ಔಷಧಿ, ಮಾತಿನ ಚಿಕಿತ್ಸೆ ಎರಡೂ ಫಲ ನೀಡಿದ್ದವು. ಆದರೆ ಚಿಕಿತ್ಸೆ ನಿಂತ ಆರು ತಿಂಗಳ ಬಳಿಕ ಮಾತಿನ ಚಿಕಿತ್ಸೆಯ ಫಲವೇ ಹೆಚ್ಚು ಉಳಿದಿತ್ತು.

ಹೊರಹೋಗುವ ಭಯ ಆಳವಾಗಿ ಬೇರೂರಿದ್ದರೆ, ಜೊತೆಗೆ ಖಿನ್ನತೆಯಿದ್ದರೆ, ಔಷಧಿಯನ್ನು ವೈದ್ಯರಿಗೆ ತಿಳಿಸದೆ ನಡುವೆಯೇ ಬಿಟ್ಟರೆ ಚೇತರಿಕೆ ಕಠಿಣವಾಗಬಹುದು.

ನಮ್ಮ ಮನೆಗಳಲ್ಲಿ ಇಂತಹವರಿದ್ದರೆ, "ಮಾತ್ರೆ ತಿಂದೆಯಲ್ಲ, ಇನ್ನೇನು ನಾಟಕ?" ಎಂದು ಕೇಳುವ ಮುನ್ನ ಆ ವಾರ್ಡನ್ನು ನೆನೆಯೋಣ. ದಿಗಿಲು ನಿಂತರೂ ಅದರ ನೆನಪು ಕಾಲನ್ನು ಕಟ್ಟಿಹಾಕಿರುತ್ತದೆ. ಸದಾ ಅವರ ಬದಲು ನಾವೇ ಹೊರಹೋದರೆ ಆ ಕಟ್ಟು ಬಿಗಿಯಾಗುತ್ತದೆ. ಗದರಿ ತಳ್ಳಿದರೂ ಸಡಿಲವಾಗದು. ಮೊದಲ ದಿನ ಗೇಟಿನವರೆಗೆ, ಮರುದಿನ ಬೀದಿಯ ತಿರುವಿನವರೆಗೆ ಜೊತೆ ನಡೆಯೋಣ. ಒಂದು ದಿನ ಅವರು ಒಬ್ಬರೇ ಹೋಗಿಬರಲೆಂದು ಬಾಗಿಲಲ್ಲಿ ನಿಂತು ಕಾಯೋಣ.