ಶಾಸನವೂ ಕ್ಷೇತ್ರವೂ: ಜಿನನಾಥಪುರದ ನಿದರ್ಶನದಲ್ಲಿ ಸಮಾಜಶಾಸ್ತ್ರದ ಮೂಲವಿಚಾರ

ಸಮಾಜಶಾಸ್ತ್ರದ ಪ್ರವೇಶಪಾಠಗಳಲ್ಲಿ ಅಂತಸ್ತು, ಪಾತ್ರ, ನಿಯಮ, ಸಂಸ್ಥೆಗಳೆಂಬ ಪರಿಕಲ್ಪನೆಗಳನ್ನು ಮೊದಲು ನಿರೂಪಿಸಿ, ಸಂಶೋಧನಾ ವಿಧಾನಗಳನ್ನು ಬೇರೊಂದು ಅಧ್ಯಾಯಕ್ಕೆ ಬಿಡುವುದು ವಾಡಿಕೆಯಾಗಿದೆ. ಆದರೆ ಪರಿಕಲ್ಪನೆಯೊಂದರ ವ್ಯಾಪ್ತಿಯು ಅದಕ್ಕೆ ಒದಗಿದ ಆಧಾರದ ಸ್ವರೂಪವನ್ನು ಅವಲಂಬಿಸಿರುವುದರಿಂದ, ಇವೆರಡನ್ನು ಅಗಲಿಸಿ ಓದಿದವನಿಗೆ ಎರಡೂ ಅರೆಯಾಗಿಯೇ ದಕ್ಕುವುವು. ಶ್ರವಣಬೆಳಗೊಳದ ನೆರೆಯ ಜಿನನಾಥಪುರವನ್ನು ನಿದರ್ಶನವಾಗಿರಿಸಿಕೊಂಡು ಈ ಮಾತನ್ನು ಪರೀಕ್ಷಿಸಬಹುದು.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು 12ನೆಯ ಶತಮಾನದ ಆದಿಭಾಗದಲ್ಲಿ ನೆಲೆಗೊಳಿಸಿದ ಈ ಊರಿನಲ್ಲಿ, ಸುಮಾರು 1200ರಲ್ಲಿ ಶಾಂತಿನಾಥ ಬಸದಿಯನ್ನು ಕಟ್ಟಿಸಿ ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಿದವನು ‘ವಸುಧೈಕಬಾಂಧವ’ ಬಿರುದಿನ ರೇಚಿಮಯ್ಯ. ಕಳಚುರಿಗಳ ಸೇವೆಯಲ್ಲಿದ್ದು ಬಳಿಕ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದ ಇವನ ದಂಡನಾಯಕತ್ವವು ಗಳಿಸಿದ ಅಂತಸ್ತು. ಧರ್ಮರಕ್ಷಕನಾದ ದಾನಿಯೆಂಬುದು ಆ ಅಂತಸ್ತಿಗೆ ಸಲ್ಲುವ ಪಾತ್ರ. ದಾನಿ ಗತಿಸಿದ ಮೇಲೂ ಗುರುಪರಂಪರೆಯ ಮುಖಾಂತರ ಬಾಳುವ ಬಸದಿಯು ಸಂಸ್ಥೆ.

ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದುವು; ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೇರಿತು. ಆಧಾರಗಳು ಹೀಗೆ ಹೆಚ್ಚಿದರೂ ಅವುಗಳ ಜಾತಿ ಬದಲಾಗಲಿಲ್ಲ. ದಾನಶಾಸನವು ಕೊಟ್ಟವನ ಕೀರ್ತಿಯನ್ನೂ, ಪಡೆದವನ ಗುರುಕುಲವನ್ನೂ, ಧರ್ಮವನ್ನು ಕೆಡಿಸಿದವನಿಗೆ ತಗಲುವ ಪಾಪವನ್ನೂ ಸಾರುವುದೇ ಹೊರತು, ದತ್ತಿಯ ಗದ್ದೆಯನ್ನು ಉತ್ತವರ ಪಾಲೆಷ್ಟು, ಅವರಲ್ಲಿ ಕೊಳ್ಕೊಡುಗೆಗಳು ಹೇಗಿದ್ದುವು ಎಂಬುದನ್ನು ಹೇಳುವ ಹೊಣೆಯನ್ನು ಹೊರದು. ಪಾಪದ ಬೆದರಿಕೆಯ ಆ ವಾಕ್ಯವೇ ದತ್ತಿಗೆ ಭಂಗ ಬಂದೀತೆಂಬ ಶಂಕೆಗೂ ಸಾಕ್ಷಿ. ಆದುದರಿಂದ ನಿಯಮವನ್ನು ಓದಿ ನಡತೆಯನ್ನು ನಿರ್ಣಯಿಸಲಾಗದು.

ಮೈಸೂರಿನವರಾದ ಎಂ. ಎನ್. ಶ್ರೀನಿವಾಸರು ‘ಗ್ರಂಥದೃಷ್ಟಿ’ಗೆ ಪ್ರತಿಯಾಗಿ ‘ಕ್ಷೇತ್ರದೃಷ್ಟಿ’ಯನ್ನು ಎತ್ತಿಹಿಡಿದುದು ಈ ಕೊರತೆಯನ್ನು ಮನಗಂಡೇ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ, ಅದಕ್ಕೆ ‘ರಾಮಪುರ’ವೆಂಬ ಕಲ್ಪಿತ ನಾಮವನ್ನಿತ್ತು ಅವರು ನಡೆಸಿದ ಸಹಭಾಗಿ ಅವಲೋಕನದಲ್ಲಿ, ಚತುರ್ವರ್ಣದ ಶ್ರೇಣಿಯು ವಿವರಿಸಲಾರದ ಗ್ರಾಮಾಧಿಕಾರವು ಭೂಮಿ ಮತ್ತು ಸಂಖ್ಯಾಬಲಗಳುಳ್ಳ ಪ್ರಬಲ ಜಾತಿಯ ಕೈಯಲ್ಲಿರುವುದು ಗೋಚರವಾಯಿತು. ಆದರೂ ಕ್ಷೇತ್ರವು ನಿರ್ಮಲ ದರ್ಪಣವೇನಲ್ಲ. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಅವರ ಸಂಸ್ಕರಿತ ಟಿಪ್ಪಣಿಗಳು ಅಗ್ನಿಗೆ ಆಹುತಿಯಾದ ಮೇಲೆ, ಬಹುಮಟ್ಟಿಗೆ ಸ್ಮೃತಿಯನ್ನೇ ಆಶ್ರಯಿಸಿ ಬರೆದ ಗ್ರಂಥವು 1976ರಲ್ಲಿ ಹೊರಬಂದಿತು. ಶಾಸನವನ್ನು ದಾನಿಯ ಉದ್ದೇಶವು ರೂಪಿಸುವಂತೆ, ಕ್ಷೇತ್ರವರದಿಯನ್ನು ನೋಡಿದವನ ನೆನಪೂ ನಿಂತ ನೆಲೆಯೂ ರೂಪಿಸುವುವು.

ಆದಕಾರಣ ಜಿನನಾಥಪುರದಂತಹ ಗ್ರಾಮವನ್ನು ಅಭ್ಯಸಿಸುವವನು ಭೂಮಿ ಯಾರದು, ಪೂಜೆಯ ಅಧಿಕಾರ ಯಾರದು, ದುಡಿಮೆ ಯಾರದು ಎಂಬ ಪ್ರಶ್ನೆಗಳನ್ನು ಶಾಸನದ ಮುಂದೆಯೂ, ಪಹಣಿಯ ಮುಂದೆಯೂ, ಊರಿನ ಎಲ್ಲ ಕೇರಿಗಳ ಜನರ ಮುಂದೆಯೂ ಒಂದೇ ಸಮನಾಗಿ ಇಡತಕ್ಕದ್ದು. ಉತ್ತರಗಳು ಕೂಡಿಬಾರದ ಎಡೆಯಲ್ಲಿ ಒಂದನ್ನು ಸುಳ್ಳೆಂದು ತಳ್ಳುವ ಆತುರಕ್ಕೆ ಎಡೆಗೊಡದೆ, ಆ ಅಂತರವು ಯಾರ ಹಿತದಿಂದ ಹುಟ್ಟಿತೆಂದು ವಿಚಾರಿಸುವುದೇ ಸಮಾಜಶಾಸ್ತ್ರೀಯ ವಿಧಾನ.